ತಲಿಗೆ ಪೆಟ್ಟು ಬಿದ್ದ ಮ್ಯಾಲ ಅಣ್ಣ ಬ್ಯಾರೇ ಮನಷ್ಯಾನೇ ಆಗ್ಯಾನ, ಮುಂದ ಏನ್ ಮಾಡ್ಬೇಕ್ರಿ?

ಗಂಗಾವತಿ ಹುಡುಗ:
ನಮಸ್ಕಾರ್ರಿ ಎಲ್ರಿಗೂ. ನಮ್ಮಣ್ಣ ಇಲ್ಲೇ ರೈಸ್ ಮಿಲ್ಲಿನಾಗ ಲೆಕ್ಕ ಬರೀತಿದ್ದ, ದಸರಾ ಹೊತ್ತಿಗೆ ಸಿಂಧನೂರು ರೋಡಿನಾಗ ಕಾರ್ ಬಂದು ಬೈಕಿಗೆ ಗುದ್ದಿತು, ಹೆಲ್ಮೆಟ್ ಇರ್ಲಿಲ್ಲ, ತಲಿ ಆಪರೇಷನ್ ಆತು. ಈಗ ನಡೀತಾನ, ಉಣ್ತಾನ, ನೋಡಿದವ್ರಿಗೆ ಏನೂ ಆಗಿಲ್ಲ ಅನಸ್ತೈತಿ. ಆದ್ರ ಜಳಕ ಮಾಡು ಅಂದ್ರ ಮಾಡ್ತಾನ, ಅನ್ನದಿದ್ರ ಸಂಜಿತನಾ ಕುಂತಲ್ಲೇ ಕುಂತಿರ್ತಾನ. ಕೇಳಿದ್ದನ್ನೇ ಕೇಳ್ತಾನ. ಹುಡುಗ್ರು ಟಿವಿ ಸೌಂಡ್ ಇಟ್ರ ರಿಮೋಟ್ ಒಗೀತಾನ, ಮೊದ್ಲು ಒಂದ್ ಮಾತು ಬೈದವನಲ್ಲ. ಮಂದಿ ಮೈಗಳ್ಳ ಆಗ್ಯಾನ ಅಂತಾರ, ಕೆಲವ್ರು ಹುಲಿಗಿ ಹುಲಿಗೆಮ್ಮನ ಗುಡಿಗೆ ಕರ್ಕೊಂಡ್ ಹೋಗ್ರಿ ಅಂತಾರ. ಆಸ್ಪತ್ರ್ಯಾಗ ಗುಳಿಗಿ ಚೀಟಿ ಕೊಟ್ಟು ಕಳಿಸಿದ್ರು ಅಷ್ಟ. ಅತ್ತಿಗಿ ಸೋತು ಸುಣ್ಣ ಆಗ್ಯಾರ.

ಮಾನ್ವಿ ಅಕ್ಕ:
ತಮ್ಮಾ, ನಮ್ಮ ಮನಿಯವ್ರದೂ ಇದೇ ಕಥಿ ಅದ. ಮೊದ್ಲು ಆ ಮೈಗಳ್ಳ ಅನ್ನೋದು ಬಿಡಸ್ರಿ. ಹಣಿ ಹಿಂದಿನ ಮೆದುಳಿಗೆ ಪೆಟ್ಟಾದ್ರ ಕೆಲ್ಸ ಗೊತ್ತಿದ್ರೂ ತಾವಾಗೇ ಶುರು ಮಾಡಕ್ಕ ಆಗಂಗಿಲ್ಲ, ಸಿಟ್ಟಿಗೂ ಬ್ರೇಕ್ ಇರಂಗಿಲ್ಲ, ಬೇಕಂತ ಮಾಡೋದಲ್ಲ ಅದು. ನಾವು ಗ್ವಾಡಿಗೆ ದೊಡ್ಡ ಹಾಳಿ ಅಂಟ್ಸೀವಿ, ಎದ್ದಮ್ಯಾಲ ಏನು, ಆಮ್ಯಾಲ ಏನು ಅಂತ, ಮುಗದದ್ದಕ್ಕ ಅವ್ರೇ ಗೆರಿ ಹೊಡೀತಾರ. ಮೊಬೈಲ್ ಅಲಾರಂ ಬ್ಯಾರೆ. ಕೀಲಿ, ಚಸ್ಮಾ, ಗುಳಿಗಿ ಇಡೋ ಜಾಗ ಬದಲ್ಸಂಗಿಲ್ಲ. ಒಮ್ಮೆ ಒಂದೇ ಮಾತು ಹೇಳ್ರಿ, ಮೂರು ಕೆಲ್ಸ ಕೂಡಿ ಹೇಳಿದ್ರ ಮೂರೂ ಹೋಗ್ತಾವ. ಮತ್ತ ಇವ್ರಿಗೆ ದಣಿವು ಭಾಳ, ಮಧ್ಯಾಹ್ನ ಮಲಗ್ಸದಿದ್ರ ಸಂಜಿ ಜಗಳ ಗ್ಯಾರಂಟಿ. ಮದುವಿ ಮೈಕ್ ಕಡೆ ಅಂತೂ ಒಯ್ಯಬ್ಯಾಡ್ರಿ. ಹುಲಿಗೆಮ್ಮಗ ಹೋಗಿ ಬರ್ರಿ, ನಾವೂ ಹೋಗಿದ್ವಿ, ಆದ್ರ ಗುಳಿಗಿ ಮಾತ್ರ ತಪ್ಪಸಬ್ಯಾಡ್ರಿ.

ಹೊಸಪೇಟೆ ಮಂಜ:
ಆರು ತಿಂಗಳು ದಾಟಿದ್ರೆ ಸುಧಾರಿಸಲ್ಲ ಅಂತಾರಲ್ಲ, ಸುಮ್ನೆ ಯಾಕೆ ದುಡ್ಡು ಕಳಿತೀರಾ.

ಕೌಲ್‌ಬಜಾರ್:
ಮಂಜಣ್ಣ, ಹಂಗೆ ಹೇಳಿ ಹೆದರಿಸ್ಬೇಡ. ಮೊದಲ ತಿಂಗಳುಗಳಲ್ಲಿ ಸುಧಾರಣೆ ಜೋರಾಗಿರ್ತೈತೆ ಅನ್ನೋದು ನಿಜ, ಆದ್ರೆ ಅಲ್ಲಿಗೆ ನಿಲ್ಲಲ್ಲ, ವರ್ಷಗಟ್ಟಲೆ ನಿಧಾನಕ್ಕೆ ಆಗ್ತಾ ಇರ್ತೈತೆ. ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದ್ರೆ ದಿನದ ಕೆಲ್ಸಗಳನ್ನ ಮತ್ತೆ ಮಾಡೋಕೆ ಕಲಿಸೋಳು, ದಿನಾ ನೋಡ್ತೀನಿ. ನಮ್ಮ ಕಡೆ ರಿಹ್ಯಾಬ್ (ಪೆಟ್ಟಾದ ಮೇಲಿನ ಪುನಶ್ಚೇತನ) ಅಂದ್ರೆ ಬರೀ ಫಿಸಿಯೋ ಅನ್ಕೊಂಡಾರೆ, ಕೈಕಾಲು ಆಡಿದ್ರೆ ಕೆಲ್ಸ ಮುಗೀತು ಅಂತ. ನಿಮ್ಮಣ್ಣಂಗೆ ಬೇಕಾಗಿರೋದು ಅದಲ್ಲ, ನೆನಪು, ಗಮನ, ಪ್ಲಾನಿಂಗ್ ಎಷ್ಟರ ಮಟ್ಟಿಗೆ ಐತೆ ಅಂತ ನ್ಯೂರೋಸೈಕಾಲಜಿ ಟೆಸ್ಟ್ ಮಾಡಿಸಿ, ಅದರ ಮೇಲೆ ಟ್ರೈನಿಂಗ್. ಬೆಂಗಳೂರು ನಿಮ್ಹಾನ್ಸ್‌ನಲ್ಲಿ ನ್ಯೂರೋ ರಿಹ್ಯಾಬಿಲಿಟೇಷನ್ ವಿಭಾಗನೇ ಐತೆ, ಬಿಪಿಎಲ್ ಕಾರ್ಡ್ ಒಯ್ಯಿರಿ, ಹಳೇ ಸ್ಕ್ಯಾನು ಡಿಸ್ಚಾರ್ಜ್ ಚೀಟಿ ಎಲ್ಲಾ ಒಯ್ಯಿರಿ. ಹೊಸಪೇಟೇಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ರೆ ಬೆಳಿಗ್ಗೆ ಅಲ್ಲಿರ್ತೀರ. ಅತ್ತಿಗೆಯವ್ರೂ ಜೊತೆಗೆ ಹೋಗ್ಬೇಕು, ಮನೇಲಿ ಮುಂದುವರಿಸೋರು ಅವರೇ ತಾನೆ. ಫಿಟ್ಸ್ ಗುಳಿಗೆ ಕೊಟ್ಟಿದ್ರೆ ಡಾಕ್ಟರ್ ಹೇಳೋತನಕ ನಿಲ್ಲಿಸ್ಬೇಡಿ. ಡಾಕ್ಟರ್ ಒಪ್ಪೋತನಕ ಬೈಕ್ ಕೀಲಿನೂ ಕೊಡಬೇಡಿ, ಎಣ್ಣೆ ಹತ್ರಾನೂ ಬಿಡಬೇಡಿ.

ಕೊಪ್ಪಳ ವಕೀಲ:
ಒಂದ್ ಮಾತು. ಎಂವಿಸಿ ಕೇಸ್, ಅಂದ್ರ ಆಕ್ಸಿಡೆಂಟ್ ಪರಿಹಾರದ ಕೇಸ್, ಹಾಕೀರೇನು? 2022ರ ಏಪ್ರಿಲ್‌ನಿಂದ ಆಕ್ಸಿಡೆಂಟ್ ಆಗಿ ಆರು ತಿಂಗಳೊಳಗ ಹಾಕ್ಬೇಕು ಅಂತ ನಿಯಮ ಐತಿ, ದಾಟಿದ್ರೂ ಸುಮ್ನೆ ಕುಂದ್ರಬ್ಯಾಡ್ರಿ, ವಕೀಲರನ್ನ ಕಾಣ್ರಿ. ಕೈಕಾಲು ಚಲೋ ಅದಾವ ಅಂತ ಇನ್ಶೂರೆನ್ಸ್‌ನವ್ರು ಕಡಿಮಿಗೆ ಎಳೀತಾರ, ಅಲ್ಲಿ ಕೌಲ್‌ಬಜಾರ್ ಮೇಡಂ ಹೇಳಿದ ಟೆಸ್ಟ್ ರಿಪೋರ್ಟೇ ಕೆಲ್ಸಕ್ಕ ಬರ್ತೈತಿ. ಮುಂದಿನ ಚಿಕಿತ್ಸಾದ ಖರ್ಚು, ನೋಡ್ಕೊಳ್ಳೋರ ಖರ್ಚು ಎರಡೂ ಕೇಳಬಹುದು. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕ್ರಿ, ಸವಲತ್ತಿಗೆ 40 ಪರ್ಸೆಂಟ್ ವೈಕಲ್ಯ ಬೇಕು. ತಾಲೂಕಿನ ಎಂಆರ್‌ಡಬ್ಲ್ಯೂ (ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು) ಕೇಳಿದ್ರ ಫಾರಂ ತುಂಬೋದು ಹೇಳ್ತಾರ.

ಗಂಗಾವತಿ ಹುಡುಗ:
ಎಲ್ರಿಗೂ ಥ್ಯಾಂಕ್ಸ್ ರೀ, ಅತ್ತಿಗಿಗೆ ಓದಿ ಹೇಳ್ದೆ. ಇನ್ನೊಂದ್ ಕೇಳ್ಬೇಕಿತ್ತು, ಮಿಲ್ ಸಾವ್ಕಾರ್ರು ಒಳ್ಳೇವ್ರು, ಸುಮ್ನೆ ಬಂದು ಕುಂದರ್ಲಿ ಅಂತಾರ, ಕಳಸಬಹುದೇನ್ರಿ?

ಕೌಲ್‌ಬಜಾರ್:
ಕಳಿಸಿ, ಆದ್ರೆ ಸುಮ್ನೆ ಕೂರಿಸೋಕಲ್ಲ. ಮಷಿನ್ ಶುರುವಾಗೋಕ್ ಮುಂಚೆ ಒಂದರ್ಧ ಗಂಟೆ ಸಾಕು, ಚೀಲ ಎಣಿಸಿ ಬರೆಯೋದಷ್ಟೇ ಕೊಡಿ, ಯಾರಾದ್ರೂ ಪಕ್ಕದಲ್ಲಿದ್ದು ತಾಳೆ ನೋಡ್ಲಿ. ರೊಕ್ಕದ ಲೆಕ್ಕ ಈಗ್ಲೇ ಬೇಡ.