ಬಾಯಿ, ಮೂಗು, ಜಠರ: ಲೋಳೆಪೊರೆ ಎಲ್ಲ ಕಡೆ ಒಂದೇನಾ?

ಪ್ರಶ್ನೆ:
ಈ ಮೂರೂ ಕಡೆ ಒಳಮೈಗೆ ಲೋಳೆಪೊರೆ ಇದೆ ಅಂತ ಪಠ್ಯದಲ್ಲಿದೆ. ಹಾಗಿದ್ದರೆ ಗಟ್ಟಿ ಪದಾರ್ಥದ ಉಜ್ಜಾಟವನ್ನು ಬಾಯಿ ತಡೆದುಕೊಳ್ಳುತ್ತೆ, ಮೂಗು ಯಾಕೆ ತಡೆಯಲ್ಲ? ಜಠರದ ಆಮ್ಲ ಜಠರವನ್ನೇ ಯಾಕೆ ಜೀರ್ಣಿಸಲ್ಲ? ಊಟ ಆದ ಮೇಲೆ ನುಂಗಿದರೂ ನೋವಿನ ಮಾತ್ರೆಯಿಂದ ಹುಣ್ಣಾಗೋದು ಹೇಗೆ?

ಉತ್ತರ 1:
ತಳ ಒಂದೇ, ಮೇಲುಹೊದಿಕೆ ಬೇರೆ. ಮೇಲೆ ಎಪಿಥೀಲಿಯಂ ಅನ್ನೋ ಕೋಶಗಳ ಹೊದಿಕೆ, ಅದರಡಿ ರಕ್ತನಾಳ, ನರ, ರಕ್ಷಣಾ ಕೋಶಗಳಿರುವ ಸಡಿಲ ಅಂಗಾಂಶ, ಅಂದರೆ ಲ್ಯಾಮಿನಾ ಪ್ರೊಪ್ರಿಯಾ. ಜಠರ, ಕರುಳುಗಳಲ್ಲಿ ಇದರ ಕೆಳಗೆ ತೆಳು ಸ್ನಾಯುಪದರವೂ ಇರುತ್ತೆ.

ಬಾಯಿಯಲ್ಲಿ ಚಪ್ಪಟೆ ಕೋಶಗಳು ಹಲವು ಪದರಗಳಲ್ಲಿವೆ. ಮೇಲಿನವು ಉದುರಿದರೆ ಕೆಳಗಿನವು ಬರುತ್ತವೆ. ವಸಡು, ಗಟ್ಟಿ ಅಂಗುಳಗಳಲ್ಲಿ ಮೇಲ್ಭಾಗ ಕೆರಟಿನ್‌ನಿಂದ (ಉಗುರು, ಕೂದಲಲ್ಲಿರುವ ಗಟ್ಟಿ ಪ್ರೋಟೀನ್) ಗಡುಸಾಗಿರುತ್ತೆ. ಕೆನ್ನೆಯ ಒಳಬದಿಯಲ್ಲಿ ಹಾಗಿಲ್ಲ. ಮೂಗಿನ ಬಹುಭಾಗದಲ್ಲಿ ಇರೋದು ಸೂಕ್ಷ್ಮ ರೋಮಗಳುಳ್ಳ ಕಂಬಾಕಾರದ ಕೋಶಗಳು, ನಡುನಡುವೆ ಲೋಳೆ ಸುರಿಸುವ ಗಾಬ್ಲೆಟ್ ಕೋಶಗಳು. ಸೂಕ್ಷ್ಮದರ್ಶಕದಲ್ಲಿ ಹಲವು ಪದರದಂತೆ ಕಂಡರೂ ಎಲ್ಲ ಕೋಶಗಳೂ ಒಂದೇ ತಳದ ಮೇಲೆ ನಿಂತಿರುತ್ತವೆ. ಅದರ ಕೆಲಸ ಉಜ್ಜಾಟ ತಡೆಯೋದಲ್ಲ, ಧೂಳು ಹಿಡಿದು ಗಂಟಲ ಕಡೆ ಸಾಗಿಸೋದು. ರೋಮಗಳು ಸೆಕೆಂಡಿಗೆ ಸುಮಾರು 10ರಿಂದ 20 ಸಲ ಬಡಿಯುತ್ತವೆ. ಲೋಳೆಯಲ್ಲಿ ಹೆಚ್ಚುಕಡಿಮೆ 95 ಶೇಕಡಾ ನೀರು. ಒಣಗಿ ಗಟ್ಟಿಯಾದರೆ ಸಾಗಣೆ ನಿಧಾನವಾಗುತ್ತೆ. ಮೂಗಿಗೆ ಉಪ್ಪುನೀರಿನ ಸ್ಪ್ರೇ ಕೊಡೋದು ಇದಕ್ಕೇ.

ಉತ್ತರ 2:
ಜಠರದ ಪಾಲು ನಾನು ಹೇಳ್ತೀನಿ. ಒಳಗಿನ ರಸದ ಪಿಎಚ್ 1–2 (ಪಿಎಚ್ ಕಡಿಮೆಯಾದಷ್ಟೂ ಆಮ್ಲ ಹೆಚ್ಚು, 7 ಅಂದರೆ ತಟಸ್ಥ). ಗೋಡೆಗೆ ಅಂಟಿದ ಲೋಳೆಯೊಳಗೆ ಆಮ್ಲ ತಗ್ಗಿಸುವ ಬೈಕಾರ್ಬನೇಟ್ ಸಿಕ್ಕಿಕೊಂಡಿರೋದರಿಂದ ಕೋಶದ ಮೈಮೇಲೆ ಪಿಎಚ್ 7ರ ಹತ್ತಿರ. ಆಮ್ಲ ನುಸುಳದಂತೆ ಕೋಶಗಳ ನಡುವೆ ಬಿಗಿ ಬೆಸುಗೆ, ನುಸುಳಿದ್ದನ್ನು ಒಯ್ಯಲು ರಕ್ತಸಂಚಾರ, ಕೆಲವೇ ದಿನಕ್ಕೊಮ್ಮೆ ಹೊಸ ಮೇಲ್ಮೈ ಕೋಶಗಳು.

ಲೋಳೆ, ಬೈಕಾರ್ಬನೇಟ್, ರಕ್ತಸಂಚಾರ ಮೂರನ್ನೂ ಕಾಯೋದು ದೇಹವೇ ತಯಾರಿಸುವ ಪ್ರೋಸ್ಟಗ್ಲಾಂಡಿನ್ ಅನ್ನೋ ರಾಸಾಯನಿಕ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್‌ನಂಥ ನೋವಿನ ಮಾತ್ರೆಗಳು ಅದರ ತಯಾರಿಯನ್ನೇ ತಡೆಯುತ್ತವೆ, ಅದೂ ರಕ್ತದ ಮೂಲಕ. ಹಾಗಾಗಿ ಊಟದ ಮೇಲೆ ನುಂಗಿದರೆ ಉರಿ ಕಡಿಮೆಯಾಗಬಹುದು, ಹುಣ್ಣಿನ ಅಪಾಯ ಹೋಗಲ್ಲ. ಇಂಜೆಕ್ಷನ್ ಆದರೂ ಅಷ್ಟೇ. ಅಪಾಯ ಹೆಚ್ಚಿರುವವರಿಗೆ ವೈದ್ಯರು ಜೊತೆಗೆ ಆಮ್ಲ ಕಡಿಮೆ ಮಾಡುವ ಒಮೆಪ್ರಜೋಲ್‌ನಂಥದ್ದು ಬರೆಯೋದು ಅದಕ್ಕೇ. ಮಲ ಡಾಂಬರಿನ ಹಾಗೆ ಕಪ್ಪಾಗಿ ಅಂಟಂಟಾದರೆ ಒಳಗೆ ರಕ್ತ ಸೋರುತ್ತಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಉತ್ತರ 3:
ಒಂದು ಸೇರ್ಪಡೆ. ಹುಣ್ಣಿಗೆ ಮಾತ್ರೆ ಒಂದೇ ಕಾರಣ ಅಲ್ಲ. ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾದಿಂದಲೂ ಆಗುತ್ತೆ. ಅದು ಯೂರಿಯಾದಿಂದ ಅಮೋನಿಯಾ ಮಾಡಿಕೊಂಡು ಸುತ್ತಲ ಆಮ್ಲ ತಗ್ಗಿಸಿ ಲೋಳೆಯೊಳಗೇ ಬೀಡುಬಿಡುತ್ತೆ. ಇದನ್ನು ಕಂಡುಹಿಡಿದದ್ದಕ್ಕೆ ವಿಜ್ಞಾನಿಗಳಾದ ಮಾರ್ಷಲ್, ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಇನ್ನೊಂದು, ಗಾಬ್ಲೆಟ್ ಕೋಶ ಕರುಳಲ್ಲಿ ಸಹಜ, ಆರೋಗ್ಯವಂತ ಜಠರದಲ್ಲಿ ಇರಲ್ಲ. ಬಯಾಪ್ಸಿಯಲ್ಲಿ (ಪೊರೆಯ ಚೂರು ತೆಗೆದು ಮಾಡುವ ಪರೀಕ್ಷೆ) ಅಲ್ಲಿ ಕಂಡರೆ ದೀರ್ಘಕಾಲದ ಉರಿಯೂತದಿಂದ ಪೊರೆಯ ಸ್ವರೂಪವೇ ಬದಲಾಗಿದೆ ಅಂತ ಅರ್ಥ.