ಹುಳ ಕಂಡರೆ ಕಿರುಚುವ ಮಗು: ನೀವೇನು ಮಾಡಿದಿರಿ?

ಕೇಳಿದವರು, ವಿಜಯಪುರ
ಮಗನಿಗೆ 4 ವರ್ಷ. ಮೂರನೇ ಮಹಡಿಯಿಂದ ಈಗ ಹಿತ್ತಲಿರುವ ಮನೆಗೆ ಬಂದಿದ್ದೇವೆ. ಒಂದು ನಿಂಬೆ ಗಿಡ, ಒಂದು ಕರಿಬೇವು, ನಾಲ್ಕು ಕುಂಡ. ಇರುವೆ ಕಂಡರೂ ಕಿರುಚುತ್ತಾನೆ, ಇಲ್ಲಾ ಚಪ್ಪಲಿಯಲ್ಲಿ ಹೊಸಕಿಬಿಡುತ್ತಾನೆ. ಅತ್ತೆಯವರು ಬೇರೆ "ಮುಟ್ಟಬ್ಯಾಡ, ಕಡೀತದ" ಅಂತಿರುತ್ತಾರೆ. ಚೇಳಿನ ಭಯ ನನಗೂ ಇದೆ. ನಿಮ್ಮ ಮಕ್ಕಳಿಗೆ ಹೇಗೆ ರೂಢಿ ಮಾಡಿಸಿದಿರಿ?

ಬಾಗಲಕೋಟೆಯಿಂದ
ಅಕ್ಕಾರೇ, ನಿಂಬೆ ಗಿಡ ಇದೆಯಲ್ಲ, ಅರ್ಧ ಕೆಲಸ ಆದಂತೆ. ಎಲೆಗಳ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಕೂತಿದೆಯಾ ನೋಡಿ. ಅದು ನಿಂಬೆ ಚಿಟ್ಟೆಯ ಮರಿಹುಳ ಇರಬಹುದು. ಹಕ್ಕಿ ಬಾಯಿ ಹಾಕದಿರಲಿ ಅಂತ ಆ ವೇಷ. ಬಲಿತ ಮೇಲೆ ಎಲೆಯಷ್ಟೇ ಹಸಿರು.

ನನ್ನ ಮಗಳಿಗೆ ನಾನು ಮುಟ್ಟು ಅನ್ನಲಿಲ್ಲ. ಕಡ್ಡಿಯಿಂದ ಹುಳದ ಬೆನ್ನಿಗೆ ಮೆಲ್ಲಗೆ ತಾಗಿಸಿದೆ. ತಲೆಯ ಹಿಂದಿನಿಂದ ಕವಲು ಕೊಂಬು ಪುಸಕ್ಕನೆ ಹೊರಬಂತು, ಜೊತೆಗೆ ಒಂಥರಾ ಘಾಟು ವಾಸನೆ. "ಅದಕ್ಕ ಸಿಟ್ಟ ಬಂತು!" ಅಂತ ಬಿದ್ದು ಬಿದ್ದು ನಕ್ಕಳು. ಹುಳಕ್ಕೂ ತನ್ನ ಕಂಡರೆ ಹೆದರಿಕೆ ಅನ್ನೋದು ಅವಳಿಗೆ ಹೊಸದು. (ಹಲ್ಲಿಗೆ ಈಗಲೂ ಹೆದರುತ್ತಾಳೆ, ಅದು ಬೇರೆ ಮಾತು.)

ಆಮೇಲೆ ಟೊಂಗೆ ಸಮೇತ ಹುಳವನ್ನು ಗಾಜಿನ ಭರಣಿಯಲ್ಲಿಟ್ಟು ಬಾಯಿಗೆ ಹಳೇ ಸೊಳ್ಳೆ ಪರದೆ ಕಟ್ಟಿದೆವು. ದಿನಾ ಹೊಸ ಎಲೆ ಹಾಕೋದು ಅವಳ ಪಾಲಿನ ಕೆಲಸ. ಒಂದು ದಿನ ಹುಳ ತಿನ್ನೋದು ಬಿಟ್ಟು, ನಡುವಿಗೆ ನೂಲು ಬಿಗಿದುಕೊಂಡು ಕಡ್ಡಿಗೆ ಆತುಕೊಂಡು ಕೋಶವಾಯಿತು. ಆದರೆ ಮೊದಲ ಸಲ ಚಿಟ್ಟೆ ಬರಲೇ ಇಲ್ಲ. ಕೋಶಕ್ಕೆ ತೂತು ಬಿದ್ದು ಸಾಸಿವೆಯಷ್ಟು ಸಣ್ಣ ಕಣಜಗಳು ಹೊರಬಂದವು. ಅವುಗಳ ತಾಯಿ ಇದರೊಳಗೇ ಮೊಟ್ಟೆ ಇಟ್ಟಿತ್ತು. ಮಗಳು ಅತ್ತಳು. ನಾನು ಕಥೆ ಕಟ್ಟಲಿಲ್ಲ, ಇದ್ದದ್ದನ್ನೇ ಹೇಳಿದೆ. ಎರಡನೇ ಸಲ ಚಿಟ್ಟೆ ಬಂತು. ರೆಕ್ಕೆ ಬಿಚ್ಚಿ ಒಣಗುವವರೆಗೆ ಅದನ್ನು ಮುಟ್ಟಬೇಡಿ. ಗಿಡಕ್ಕೆ ಎಣ್ಣೆ (ಕೀಟನಾಶಕ) ಹೊಡೆಯೋರಾದರೆ ಇದೆಲ್ಲ ಆಗೋ ಮಾತಲ್ಲ.

ಬೆಳಗಾವಿಯಿಂದ
ಮಿರಗದ ಮಳೆ ಬರಲಿ ತಡೀರಿ. ಜೂನ್‌ನಲ್ಲಿ ನೆಲ ನೆನೆದ ಕೂಡಲೇ ಕೆಂಪು ಮಖಮಲ್ಲಿನ ಗುಂಡಿಯಂಥ ಹುಳ ಹೊರಬರುತ್ತದೆ. ನಾವು ಮಿರಗದ ಹುಳ ಅಂತೀವಿ. ಮಗನಿಗೆ ಕಾಲು ಎಣಿಸಲು ಹೇಳಿ. ಇರುವೆಗೆ ಆರು, ಇದಕ್ಕೆ ಎಂಟು. ಅಂದರೆ ಇದು ಜೇಡನ ಕಡೆಯ ನೆಂಟ. ನಮ್ಮ ಹುಡುಗ ಈಗ ಚಹಾದಲ್ಲಿ ಬಿದ್ದ ನೊಣದ ಕಾಲನ್ನೂ ಎಣಿಸುತ್ತಾನೆ, ಏನು ಮಾಡೋದು!

ವಿಜಯಪುರದಿಂದಲೇ
ಅತ್ತೆಯವರ ಮಾತು ಪೂರ್ತಿ ತೆಗೆದುಹಾಕಬೇಡಿ. ಕಲ್ಲು, ಇಟ್ಟಿಗೆ, ಕಟ್ಟಿಗೆ ಸರಿಸೋದು ದೊಡ್ಡವರ ಕೆಲಸ, ಅದೂ ಕೋಲಿನಿಂದ. ದೊಡ್ಡ ಕರಿ ಚೇಳಿಗಿಂತ ಸಣ್ಣ ಕೆಂಪು ಚೇಳೇ ಮಕ್ಕಳಿಗೆ ಜಾಸ್ತಿ ಅಪಾಯ. ಕಡಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಕಂಬಳಿ ಹುಳದ ಕೂದಲು ತಾಗಿದರೆ ಉಜ್ಜಬಾರದು, ಅಂಟು ಟೇಪ್ ಹಚ್ಚಿ ಕಿತ್ತು ಸೋಪಿನಿಂದ ತೊಳೆಯಿರಿ. ನಮ್ಮ ಮನೇಲಿ ಒಂದೇ ನಿಯಮ: ಕೇಳದೆ ಕೈ ಇಲ್ಲ.

ಕೇಳಿದವರು
ಇವತ್ತು ಮೂವರೂ ನಿಂಬೆ ಗಿಡ ಹುಡುಕಿದೆವು ರೀ. ಹಿಕ್ಕೆಯಂಥದ್ದು ಎರಡು ಸಿಕ್ಕವು. ಒಂದು ಮರಿಹುಳ. ಇನ್ನೊಂದು ನಿಜವಾದ ಹಿಕ್ಕೆ. ಅದು ಗೊತ್ತಾಗಿದ್ದು ಅತ್ತೆಯವರು ಮುಟ್ಟಿ ನೋಡಿದ ಮೇಲೆ.