ಟಗರು ಮರಿ ಕೊಬ್ಬಿಸಲು ಯಾವ ದಾಣಿ: ಮೆಕ್ಕೆಜೋಳ ಹೆಚ್ಚಿರಬೇಕೋ, ಬೂಸಾ ಹೆಚ್ಚಿರಬೇಕೋ?

ಹುನಗುಂದದ ಕುರಿಗಾರ

ಎಲ್ಲರಿಗೂ ನಮಸ್ಕಾರ. ಅಮೀನಗಡ ಸಂತೆಯಲ್ಲಿ ಇಪ್ಪತ್ತು ಟಗರು ಮರಿ ಹಿಡಿದಿದ್ದೇನೆ. ಅರ್ಧ ಅಪ್ಪಟ ಎಳಗ, ಉಳಿದವು ಎಳಗಕ್ಕೂ ಕೆಂಗುರಿಗೂ ಹುಟ್ಟಿದ ಮಿಶ್ರತಳಿ. ತಂದಾಗ ಸರಾಸರಿ 16 ಕಿಲೋ ಇದ್ದವು. ವ್ಯಾಪಾರಿ ಜೀವಂತ ತೂಕದ ಮೇಲೆ ಒಯ್ಯುತ್ತಾನೆ, ಹಾಗಾಗಿ ಬೆನ್ನು ಮುಟ್ಟಿ ಅಂದಾಜು ಕಟ್ಟುವ ಸಂತೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ತಳಿ ಸಮನಾಗಿ ಹಂಚಿ ಎರಡು ದೊಡ್ಡಿ ಮಾಡಿದ್ದೇನೆ. ಮೊದಲನೆಯದಕ್ಕೆ ನೂರು ಕಿಲೋ ದಾಣಿಯಲ್ಲಿ ಮೆಕ್ಕೆಜೋಳ 50, ಗೋಧಿ ಬೂಸಾ 20, ತೊಗರಿ ಚುನ್ನಿ (ಬೇಳೆ ಮಾಡುವಾಗ ಉಳಿಯುವ ಸಿಪ್ಪೆ, ನುಚ್ಚು) 15, ಶೇಂಗಾ ಹಿಂಡಿ 12, ಖನಿಜ ಮಿಶ್ರಣ 2, ಉಪ್ಪು 1. ಕಿಲೋಗೆ ಸುಮಾರು 29 ರೂಪಾಯಿ ಬೀಳುತ್ತದೆ. ಎರಡನೆಯದು ನಮ್ಮ ಅಣ್ಣನ ಪಾಕ: ಬೂಸಾ 50, ಚುನ್ನಿ 30, ಮೆಕ್ಕೆಜೋಳ 20, ಅಷ್ಟೇ. ಕಿಲೋಗೆ 25 ರೂಪಾಯಿ. ಎರಡಕ್ಕೂ ಮರಿಗೆ ದಿನಕ್ಕೆ 400 ಗ್ರಾಂ. ಮೇವು ಒಂದೇ, ಬಿಳಿಜೋಳದ ಕಣಿಕೆ ಮತ್ತು ಶೇಂಗಾ ಹೊಟ್ಟು, ದಿನಕ್ಕೆ ಮರಿಗೆ ನಾಲ್ಕು ರೂಪಾಯಿ ಹಿಡಿಯಿರಿ.

ಮೊದಲ ದೊಡ್ಡಿ ದಿನಕ್ಕೆ ಸರಾಸರಿ 130 ಗ್ರಾಂ ಏರುತ್ತಿದೆ, ಎರಡನೆಯದು 95. ಅಂದರೆ ಒಂದು ಕಿಲೋ ತೂಕ ಏರಿಸಲು ಮೊದಲನೆಯದರಲ್ಲಿ 120 ರೂಪಾಯಿ, "ಅಗ್ಗದ" ದಾಣಿಯಲ್ಲಿ 147. ಅಣ್ಣ ಮಾತ್ರ ಚೀಲದ ದರದಿಂದ ಈಚೆಗೆ ಬರುವುದೇ ಇಲ್ಲ. ಹಿರಿಯ, ಏನು ಹೇಳುವುದು!

ಇನ್ನೊಂದು ವಿಷಯ. ಎರಡನೇ ದೊಡ್ಡಿಯ ಒಂದು ಟಗರು ನಿನ್ನೆಯಿಂದ ಬೆನ್ನು ಬಾಗಿಸಿ, ಬಾಲ ಅದುರಿಸುತ್ತ ತಿಣುಕುತ್ತಿದೆ. ಮೂತ್ರ ಹನಿಹನಿಯಾಗಿ ಬರುತ್ತಿದೆ. ಹೊಟ್ಟೆಯಡಿ, ಮೂತ್ರ ಬರುವಲ್ಲಿನ ಕೂದಲಿಗೆ ಸಕ್ಕರೆ ಹರಳಿನಂತಹ ಸಣ್ಣ ಕಣಗಳು ಅಂಟಿವೆ, ಉಜ್ಜಿದರೆ ಬೆರಳಿಗೆ ಗರಗರ ಎನ್ನುತ್ತವೆ. ಇದಕ್ಕೂ ದಾಣಿಗೂ ಸಂಬಂಧವಿದೆಯೇ?

ಪಾವಗಡದ ರೈತ

ತೂಕ ಯಾವ ಹೊತ್ತಿಗೆ ಹಿಡಿಯುತ್ತೀರಿ? ನೀರು ಕುಡಿದು ಹೊಟ್ಟು ತಿಂದ ಮರಿ ಒಂದೂವರೆ ಕಿಲೋ ಸುಳ್ಳು ತೋರಿಸುತ್ತದೆ. ಬೆಳಿಗ್ಗೆ ಮೇವು, ನೀರು ಕೊಡುವ ಮೊದಲೇ ತೂಗಬೇಕು.

ಹಿಂಡಿ ಕೊಳ್ಳುವಾಗ ಮುರಿದು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಎಷ್ಟೇ ಅಗ್ಗವಾದರೂ ಬೇಡ. ಬೂಷ್ಟು ಹಿಡಿದ ಶೇಂಗಾ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಇರುತ್ತದೆ, ಯಕೃತ್ತು ಕೆಡುತ್ತದೆ. ಮೆಕ್ಕೆಜೋಳವನ್ನು ನುಣ್ಣಗೆ ಹಿಟ್ಟು ಮಾಡಿಸಬೇಡಿ, ಒಡಕು ನುಚ್ಚು ಸಾಕು. ಕುರಿ ಇಡೀ ಕಾಳನ್ನೂ ಚೆನ್ನಾಗಿ ಅಗಿಯುತ್ತದೆ, ಎಮ್ಮೆಯ ಹಾಗೆ ಸಗಣಿಯಲ್ಲಿ ಬಿಡುವುದಿಲ್ಲ.

ಪಶುವೈದ್ಯ, ಧಾರವಾಡ

ಕುರಿಗಾರರೇ, ಮೊದಲು ಆ ಟಗರನ್ನು ಇವತ್ತೇ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ನೀವು ಹೇಳಿದ್ದು ಮೂತ್ರಕಲ್ಲಿನ ಲಕ್ಷಣ. ಟಗರಿನ ಶಿಶ್ನದ ತುದಿಯಲ್ಲಿ ಎಳೆಯಂತಹ ಸಣ್ಣ ನಾಳವಿರುತ್ತದೆ, ಕಲ್ಲು ಹೆಚ್ಚಾಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬೇಗ ತಂದರೆ ವೈದ್ಯರು ಆ ತುದಿಯನ್ನು ಕತ್ತರಿಸಿ ದಾರಿ ಬಿಡಿಸಬಹುದು. ತಡವಾದರೆ ಮೂತ್ರಕೋಶವೇ ಒಡೆಯುತ್ತದೆ.

ದಾಣಿಗೆ ಸಂಬಂಧ ಖಂಡಿತ ಇದೆ. ಗೋಧಿ ಬೂಸಾದಲ್ಲಿ ರಂಜಕ ಸುಮಾರು 1 ಶೇಕಡಾ, ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಅದರ ಹತ್ತನೇ ಒಂದು ಪಾಲು ಮಾತ್ರ. ಇರಬೇಕಾದದ್ದು ತಿರುಗಾಮುರುಗಾ: ರಂಜಕ ಒಂದಿದ್ದರೆ ಕ್ಯಾಲ್ಸಿಯಂ ಎರಡು. ನಿಮ್ಮ ಅಣ್ಣನ ಮಿಶ್ರಣದಲ್ಲಿ ಅರ್ಧ ಬೂಸಾ, ಖನಿಜವೂ ಇಲ್ಲ, ಉಪ್ಪೂ ಇಲ್ಲ. ಉಪ್ಪಿಲ್ಲದಿದ್ದರೆ ನೀರು ಕಡಿಮೆ ಕುಡಿಯುತ್ತವೆ, ಮೂತ್ರ ಗಟ್ಟಿಯಾಗುತ್ತದೆ.

ಉಳಿದ ಒಂಬತ್ತನ್ನು ಮೊದಲ ದೊಡ್ಡಿಯ ದಾಣಿಗೆ ತನ್ನಿ, ಆದರೆ ಒಂದೇ ದಿನಕ್ಕಲ್ಲ. ಎರಡು ವಾರ ಹಿಡಿದು ಮೆಕ್ಕೆಜೋಳ ಏರಿಸಿ. ಒಮ್ಮೆಲೇ ಕಾಳು ಹೆಚ್ಚಿದರೆ ಹೊಟ್ಟೆ ಹುಳಿಯಾಗಿ ಬೆಳಗಾಗುವುದರಲ್ಲಿ ಮರಿ ಮಲಗಿಬಿಡುತ್ತದೆ. ದಾಣಿಗೆ 1 ಶೇಕಡಾ ಸುಣ್ಣಕಲ್ಲಿನ ಪುಡಿ ಸೇರಿಸಿ. ಮೂತ್ರ ಹುಳಿಯಾಗಿಸಿ ಕಲ್ಲು ಕಟ್ಟದಂತೆ ತಡೆಯುವ ಅಮೋನಿಯಂ ಕ್ಲೋರೈಡ್ ಅನ್ನು ನಿಮ್ಮ ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರ ಕೊಡಿ. ಕರುಳುಬೇನೆಯ ಲಸಿಕೆ ಆಗಿದೆಯೇ? ಕಾಳು ತಿಂದು ದಷ್ಟಪುಷ್ಟವಾದ ಮರಿಯೇ ಆ ರೋಗಕ್ಕೆ ಮೊದಲು ತುತ್ತಾಗುತ್ತದೆ.

ಹುನಗುಂದದ ಕುರಿಗಾರ

ಸಾಹೇಬರೇ, ತುದಿ ಕತ್ತರಿಸಿದರು, ಸಂಜೆ ಧಾರೆಯಾಗಿ ಹೊಯ್ದಿತು. ಲಸಿಕೆ ಆಗಿದೆ. ಪಾವಗಡದವರೇ, ತೂಕ ನಸುಕಿನಲ್ಲೇ ಹಿಡಿಯುತ್ತೇನೆ, ನೀರಿಗೂ ಮೊದಲು. ಅಣ್ಣ ಆಸ್ಪತ್ರೆಗೆ ಜೊತೆಗೇ ಬಂದಿದ್ದರು. ಬರುವಾಗ ದಾರಿಯಲ್ಲಿ ಖನಿಜ ಮಿಶ್ರಣದ ಚೀಲ ಇಳಿಸಿಕೊಂಡರು, ದರಕ್ಕೆ ಮಾತ್ರ ಅಂಗಡಿಯವನ ಜೊತೆ ಅರ್ಧ ತಾಸು ಜಗಳ ಆಡಿದರು. ಸುಣ್ಣಕಲ್ಲಿನ ಪುಡಿ ಇಲ್ಲಿ ಕೋಳಿ ಆಹಾರದ ಅಂಗಡಿಯಲ್ಲಿ ಸಿಗುತ್ತದೆ. ಅದೇ ನಡೆಯುತ್ತದೆಯೇ?

ಪಶುವೈದ್ಯ, ಧಾರವಾಡ

ನಡೆಯುತ್ತದೆ. ನುಣ್ಣನೆಯ ಪುಡಿಯನ್ನೇ ಕೇಳಿ, ಮೊಟ್ಟೆ ಕೋಳಿಗೆ ಹಾಕುವ ಹರಳು ಬೇಡ.